ಇಂಬಳದ ವಿಷಯ ಅಸೈಡ್ ಅಲ್ಲ

ಮೂಡಿಗೆರೆ ಹತ್ತಿರ ನಮ್ಮ ಸೋದರತ್ತೆ ಒಂದು ಹೋಂಸ್ಟೇ ನಡೆಸುತ್ತಾರೆ. ಅದರ ವೆಬ್‌ಸೈಟ್ ಯಾರೋ ಹುಡುಗರು ಮಾಡಿಕೊಟ್ಟಿದ್ದು. ನೋಡೋಕೆ ಚೆನ್ನಾಗಿದೆ, ಮಂಜು, ಕಾಫಿ ಹೂವು, ಕಡುಬು ಎಲ್ಲದರ ಫೋಟೋ ಇದೆ. ಹಾಸನದಲ್ಲಿರುವ ನನ್ನ ಗೆಳೆಯನಿಗೆ ಕಣ್ಣು ಕಾಣುವುದಿಲ್ಲ, ಪರದೆ ಮೇಲಿರೋದನ್ನು ಓದಿ ಹೇಳೋ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಬಳಸುತ್ತಾನೆ. ಒಂದಿನ ಫೋನ್ ಮಾಡಿ, "ನಿಮ್ಮತ್ತೆ ಪೇಜಲ್ಲಿ ರೂಮ್ ರೇಟು ಎಲ್ಲಿದೆಯೋ? ಕೇಳಿ ಕೇಳಿ ಸಾಕಾಯ್ತು" ಅಂದ.

ಅವನ ಮನೆಗೇ ಹೋಗಿ ಪಕ್ಕದಲ್ಲಿ ಕೂತೆ. ಎನ್‌ವಿಡಿಎಯಲ್ಲಿ ಡಿ ಒತ್ತಿದರೆ ಪೇಜಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹಾರಬಹುದು, ಎಚ್ ಒತ್ತಿದರೆ ಒಂದು ಹೆಡ್ಡಿಂಗಿನಿಂದ ಇನ್ನೊಂದಕ್ಕೆ. ಇಲ್ಲಿ ಡಿ ಒತ್ತಿದರೂ ಏನೂ ಇಲ್ಲ, ಎಚ್ ಒತ್ತಿದರೂ ಏನೂ ಇಲ್ಲ. ಯಾಕಂದ್ರೆ ಎಲ್ಲವೂ ಡಿವ್, ಅಂದ್ರೆ ಪೇಜಿನ ಕೋಡಿನಲ್ಲಿ ಏನು ಬೇಕಾದರೂ ತುಂಬಬಹುದಾದ ಬರೀ ಡಬ್ಬಿ. ಹೆಡ್ಡಿಂಗ್ ಕೂಡ ಅಕ್ಷರ ದಪ್ಪ ಮಾಡಿದ ಡಿವ್. ಹಾಗಾಗಿ ಪಾಪ ಅವನು ಮೇಲಿನಿಂದ ಒಂದೊಂದೇ ಸಾಲು ಕೇಳಿಸಿಕೊಂಡು ಬರಬೇಕು.

ಡಿವ್ ತಪ್ಪು ಅಂತಲ್ಲ, ಅದಕ್ಕೆ ಅರ್ಥ ಇಲ್ಲ ಅಷ್ಟೇ. ಅದರ ಕ್ಲಾಸಿಗೆ, ಅಂದ್ರೆ ಕೋಡ್ ಬರೆಯುವವರು ತಮಗೆ ಬೇಕಾದಂತೆ ಅಂಟಿಸೋ ಚೀಟಿಗೆ, ಹೆಡರ್ (ಪೇಜಿನ ತಲೆಭಾಗ), ಫುಟರ್ (ಬುಡದ ಭಾಗ) ಅಂತ ಹೆಸರಿಟ್ಟಿದ್ದರು, ಆದರೆ ಬ್ರೌಸರ್ ಆ ಹೆಸರಿಗೆ ಬೆಲೆ ಕೊಡುವುದಿಲ್ಲ. 2005ರಲ್ಲಿ ಗೂಗಲ್ ನೂರು ಕೋಟಿಗೂ ಜಾಸ್ತಿ ಪೇಜು ಜಾಲಾಡಿದಾಗ ಜನ ಹೆಚ್ಚಾಗಿ ಬಳಸಿದ್ದ ಕ್ಲಾಸ್ ಹೆಸರುಗಳಲ್ಲಿ ಇವೇ ಇದ್ದವು. ಮುಂದೆ ವೆಬ್ ಪೇಜ್ ಬರೆಯೋ ಭಾಷೆಯಾದ ಎಚ್‌ಟಿಎಂಎಲ್ 5ರಲ್ಲಿ ಇವೇ ಟ್ಯಾಗುಗಳಾದವು, ಅಂದ್ರೆ ಬ್ರೌಸರಿಗೂ ಅರ್ಥವಾಗೋ ಗುರುತುಗಳಾದವು, 2014ರಲ್ಲಿ ಅದು ಅಧಿಕೃತವೂ ಆಯಿತು. ಆಮೇಲೂ ಡಿವ್‌ಗೇ ಜೋತುಬೀಳೋದು ಬರೀ ಸೋಮಾರಿತನ ಅಂತ ನನಗನಿಸುತ್ತೆ.

ಲ್ಯಾಪ್‌ಟಾಪ್ ಹಿಡಿದು ಅತ್ತೆ ಮನೆಗೆ ಹೋದೆ. ಹೆಡರ್, ನ್ಯಾವ್ (ಮೆನು ಲಿಂಕುಗಳ ಭಾಗ), ಮೇನ್ (ಪೇಜಿನ ಮುಖ್ಯ ವಿಷಯ), ಫುಟರ್ ಟ್ಯಾಗುಗಳು ಬೇಗ ಮುಗಿದವು. ತಲೆನೋವು ಶುರುವಾಗಿದ್ದು ಮೇನ್ ಒಳಗೆ. ಅತಿಥಿಗಳು ಬರೆದ ಒಂದೊಂದು ಅಭಿಪ್ರಾಯವೂ ಆರ್ಟಿಕಲ್, ಕಿತ್ತು ಬೇರೆ ಕಡೆ ಹಾಕಿದರೂ ಅರ್ಥ ಕೆಡುವುದಿಲ್ಲ. ರೂಮುಗಳೂ ಹಾಗೇ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಇರುತ್ತೆ, ಉಪ್ಪು ಇಟ್ಟುಕೊಳ್ಳಿ ಅನ್ನೋ ಸಾಲನ್ನು ಅಸೈಡ್‌ಗೆ, ಅಂದ್ರೆ ಮುಖ್ಯ ವಿಷಯದ ಪಕ್ಕಕ್ಕಿರೋ ಮಾತಿನ ಟ್ಯಾಗಿಗೆ, ಹಾಕೋಣ ಅಂದೆ. ಅಸೈಡ್ ಅಂದ್ರೆ ಏನು ಅಂತ ಕೇಳಿ ತಿಳಿದುಕೊಂಡ ಅತ್ತೆ ಒಪ್ಪಲೇ ಇಲ್ಲ.

"ಜೂನ್ ಬಂತು ಅಂದ್ರೆ ಫೋನ್ ಮಾಡೋರೆಲ್ಲ ಮೊದಲು ಕೇಳೋದೇ ಇಂಬಳದ್ದು ಕಣೋ. ಅದನ್ನ ಮೂಲೆಗೆ ಹಾಕ್ತೀಯಾ? ಬೇಕಾದ್ರೆ ಆ ಮುಳ್ಳಯ್ಯನಗಿರಿ ವಿಷಯ ಹಾಕು."

ಸರಿಯಾದ ಮಾತು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ ಅನ್ನೋದನ್ನು ತೆಗೆದುಹಾಕಿದರೂ ರೂಮ್ ಬುಕ್ ಮಾಡುವವರಿಗೆ ನಷ್ಟವಿಲ್ಲ. ಯಾವುದು ಮುಖ್ಯ ಅನ್ನೋದು ಕೋಡ್ ಬರೆಯುವವನಿಗಿಂತ ಫೋನ್ ಎತ್ತುವವರಿಗೆ ಚೆನ್ನಾಗಿ ಗೊತ್ತಿರುತ್ತೆ ಅಲ್ವಾ.

ಇನ್ನು ಸೆಕ್ಷನ್, ಒಂದೊಂದು ವಿಷಯದ ಭಾಗವನ್ನು ಗುರುತಿಸೋ ಟ್ಯಾಗ್. ಬಹಳ ಜನ ಇರೋ ಬರೋ ಡಿವ್‌ಗಳನ್ನೆಲ್ಲ ಸುಮ್ನೆ ಸೆಕ್ಷನ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಹೆಸರು ಕೊಡದ ಸೆಕ್ಷನ್ ಡಿ ಕೀಗೆ ಸಿಗುವುದೇ ಇಲ್ಲ, ಕೋಡಿನಲ್ಲಿ aria-label ಅಂತ ಬರೆದೋ ಅದರ ಹೆಡ್ಡಿಂಗನ್ನೇ aria-labelledby ಮೂಲಕ ಜೋಡಿಸಿಯೋ ಸ್ಕ್ರೀನ್ ರೀಡರಿಗೆ ಕೇಳಿಸೋ ಹೆಸರು ಕೊಡಬೇಕು. ಹಾಗಂತ ಎಲ್ಲದಕ್ಕೂ ಕೊಟ್ಟರೆ ಡಿ ಒತ್ತಿ ಒತ್ತಿ ಬೆರಳು ನೋಯುತ್ತೆ. ನಾವು ರೇಟು ಮತ್ತು ದಾರಿ, ಈ ಎರಡಕ್ಕೇ ಹೆಸರು ಕೊಟ್ಟೆವು. ಉಳಿದದ್ದಕ್ಕೆ ಎಚ್2, ಅಂದ್ರೆ ಎರಡನೇ ಹಂತದ ಹೆಡ್ಡಿಂಗ್, ಸಾಕು. ಭಾಷೆ ಕನ್ನಡ ಅಂತ ಪೇಜಿನ ಭಾಷೆ ಹೇಳೋ ಲ್ಯಾಂಗ್‌ನಲ್ಲೂ ಬರೆದೆ, ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಕನ್ನಡದ ದನಿಗೆ ತಾನಾಗಿ ಬದಲಾಗುತ್ತೆ ಅಂತ ನೆಚ್ಚಿಕೊಳ್ಳೋಕಾಗಲ್ಲ. ಗೆಳೆಯನಿಗೆ ಲಿಂಕ್ ಕಳಿಸಿದೆ. ರೇಟು ಸಿಕ್ಕಿತಂತೆ, ಆದರೆ ಜಾಸ್ತಿಯಾಯ್ತಂತೆ.

ಕೊನೆಗೆ ಅಡ್ರೆಸ್ ಟ್ಯಾಗ್ ವಿಷಯಕ್ಕೆ ಸ್ವಲ್ಪ ಜಗಳವಾಯಿತು. ಮೂಡಿಗೆರೆ ಹ್ಯಾಂಡ್‌ಪೋಸ್ಟಿನಿಂದ ಬರುವ ದಾರಿಯನ್ನೂ ಅದರಲ್ಲೇ ಹಾಕು ಅಂತ ಅತ್ತೆ. ಆ ಟ್ಯಾಗ್ ಇರೋದು ಪೇಜಿನವರನ್ನು ಸಂಪರ್ಕಿಸೋ ವಿವರಕ್ಕೆ ಮಾತ್ರ, ಹಾಗಾಗಿ ಫುಟರಿನಲ್ಲಿ ಫೋನ್ ನಂಬರಿಗೆ ಅದನ್ನು ಹಾಕಿ, ದಾರಿಯನ್ನು ಮಾಮೂಲಿ ಪ್ಯಾರಾ ಮಾಡಿದೆ. "ನಂಬರ್ ಅಷ್ಟು ಕೆಳಗಿದ್ರೆ ಯಾರಪ್ಪಾ ನೋಡ್ತಾರೆ?" ಅಂದರು. ಹೆಡರಿಗೂ ಹಾಕಿದೆ.