ಕೋವಿ ಇರುವಾಗ ಬಿಲ್ಲೇಕೆ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನಾನು ಪ್ರತಿ ಶರತ್ಕಾಲದಲ್ಲಿ ಮರದ ಬಿಲ್ಲು ಹಿಡಿದು ಜಿಂಕೆಯ ಬೇಟೆಗೆ ಹೋಗುತ್ತೇನೆಂದು ತಿಳಿದ ಕನ್ನಡಿಗರು ಕೇಳುವ ಪ್ರಶ್ನೆ ಒಂದೇ: ಕೋವಿ ಸುಲಭವಾಗಿ ಸಿಗುವ ನಾಡಿನಲ್ಲಿ ಬಿಲ್ಲೇಕೆ, ಅದರಿಂದ ಪ್ರಾಣಿ ಇನ್ನಷ್ಟು ನರಳುವುದಿಲ್ಲವೇ?

ಎರಡನೆಯ ಮಾತಿಗೆ ಮೊದಲು ಉತ್ತರಿಸಬೇಕು. ಗುಂಡು ವೇಗದ ಆಘಾತದಿಂದಲೂ ಕೊಲ್ಲುತ್ತದೆ. ಬಾಣಕ್ಕೆ ಆ ಬಲವಿಲ್ಲ, ಅದರ ಹರಿತವಾದ ಅಲಗು ರಕ್ತನಾಳಗಳನ್ನು ಕತ್ತರಿಸಿದರಷ್ಟೇ ಕೆಲಸವಾಗುತ್ತದೆ. ಎರಡೂ ಶ್ವಾಸಕೋಶಗಳನ್ನು ಹಾದುಹೋದರೆ ಜಿಂಕೆ ಸ್ವಲ್ಪ ದೂರ ಓಡಿ ಬೇಗನೆ ಕುಸಿಯುತ್ತದೆ. ಹೊಟ್ಟೆಗೆ ತಗುಲಿದರೆ ಗಂಟೆಗಟ್ಟಲೆ ನರಳುತ್ತದೆ, ಕೆಲವೊಮ್ಮೆ ಸಿಗುವುದೂ ಇಲ್ಲ. ಬ್ರಿಟನ್, ಜರ್ಮನಿಗಳಲ್ಲಿ ಬಿಲ್ಲಿನ ಬೇಟೆಗೆ ನಿಷೇಧವಿರುವುದು ನನಗೆ ಅರ್ಥವಾಗದ ಸಂಗತಿಯೇನಲ್ಲ.

ಹಾಗಾದರೆ ನಾನೇಕೆ ಬಿಟ್ಟಿಲ್ಲ? ದೂರದ ಲೆಕ್ಕದಲ್ಲಿ ಉತ್ತರವಿದೆ. ಮರದ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಸಾಗುತ್ತದೆ, ಹೆದೆಯ ಠೇಂಕಾರವಾದರೋ ಸುಮಾರು 340 ಮೀಟರ್. ಇಪ್ಪತ್ತು ಮೀಟರ್ ಆಚೆಯ ಜಿಂಕೆಗೆ ಬಾಣ ಮುಟ್ಟಲು 0.4 ಸೆಕೆಂಡು ಬೇಕು, ಸದ್ದಿಗೆ 0.06 ಸಾಕು, ಅಷ್ಟರಲ್ಲಿ ಬೆಚ್ಚಿದ ಜಿಂಕೆ ನೆಗೆಯಲೆಂದು ಮೈ ಕುಗ್ಗಿಸಿದರೆ ಬಾಣ ಬೆನ್ನಿನ ಮೇಲಿಂದ ಹೋಗುತ್ತದೆ, ಇಲ್ಲವೇ ತಗುಲಬಾರದ ಕಡೆ ತಗುಲುತ್ತದೆ. ಆದುದರಿಂದ ಇಪ್ಪತ್ತು ಮೀಟರಿನೊಳಗೆ, ಪಕ್ಕೆ ತೋರಿಸಿಕೊಂಡು, ನೆಮ್ಮದಿಯಿಂದ ಮೇಯುತ್ತಿರುವ ಪ್ರಾಣಿಗಲ್ಲದೆ ನಾನು ಬಾಣ ಬಿಡುವುದಿಲ್ಲ. ಬಿಡದೆ ಉಳಿದ ಬಾಣಗಳೇ ಹೆಚ್ಚು, ನನಗೆ ಬೇಕಾದದ್ದೂ ಅದೇ. ಕೋವಿ ಹಿಡಿದವನಿಗೆ ನೂರು ಮೀಟರ್ ದೂರದ ಜಿಂಕೆಯೂ ಮಾಂಸವೇ. ನಾನು ಗಾಳಿಯ ದಿಕ್ಕು, ಒಣ ಎಲೆಯ ಸದ್ದು, ಅದು ದಿನವೂ ತುಳಿಯುವ ಜಾಡು ಎಲ್ಲವನ್ನೂ ಕಲಿಯದೆ ಅದರ ಹತ್ತಿರ ಸುಳಿಯಲಾರೆ.

ಸರ್ಕಾರಗಳ ಲೆಕ್ಕಾಚಾರವೂ ಇದನ್ನೇ ಅವಲಂಬಿಸಿದೆ. ಬಿಲ್ಲಿಗೆ ಸಿಗುವ ಜಿಂಕೆಗಳು ಕಡಿಮೆಯೆಂದೇ ಅದಕ್ಕೆ ಪ್ರತ್ಯೇಕವಾದ, ದೀರ್ಘವಾದ ಬೇಟೆಯ ಋತು ಕೊಡುತ್ತಾರೆ; ವಿಸ್ಕಾನ್ಸಿನ್ ರಾಜ್ಯ 1934ರಲ್ಲಿ ಇದನ್ನು ಆರಂಭಿಸಿತು. ಕ್ರಿಸ್‌ಮಸ್ ಕಳೆದ ಮೇಲೆ ನಮ್ಮಲ್ಲಿ ಚಕಮಕಿ ಕಲ್ಲಿನ ಕೋವಿಗೂ ಒಂದು ಋತುವಿದೆ. ಕಲ್ಲಿನ ಕಿಡಿ ಬೀಳುವ ಪುಟ್ಟ ಬಟ್ಟಲಿನ ಮದ್ದಿಗೆ ತೇವ ತಾಕಿದರೆ ಆ ಕೋವಿಯಿಂದ ಗುಂಡು ಹಾರುವುದೇ ಇಲ್ಲ.

ಆದರೆ ‘ಪುರಾತನ ಆಯುಧ’ ಎಂಬ ಹೆಸರಿನಲ್ಲಿ ನಡೆಯುತ್ತಿರುವುದೆಲ್ಲ ಪುರಾತನವಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಬಳಿ ಕಾಣಿಸಿಕೊಂಡ ಯಾಹಿ ಎಂಬ ಮೂಲನಿವಾಸಿ ಜನಾಂಗದ ಇಶಿ ತಾನೇ ಕೆತ್ತಿದ ಬಿಲ್ಲಿನ ವಿದ್ಯೆಯನ್ನು ವೈದ್ಯ ಸ್ಯಾಕ್ಸ್‌ಟನ್ ಪೋಪ್‌ಗೆ ಕಲಿಸಿದ. ಅಮೆರಿಕದ ಇಂದಿನ ಬಿಲ್ಲುಬೇಟೆಗಾರರು ತಮ್ಮ ಪರಂಪರೆಯನ್ನು ಅಲ್ಲಿಂದ ಹೇಳಿಕೊಳ್ಳುತ್ತಾರೆ. ಆದರೆ 1969ರಲ್ಲಿ ಪೇಟೆಂಟ್ ಪಡೆದ, ತುದಿಗಳಲ್ಲಿ ರಾಟೆಗಳಿರುವ ರಾಟೆಬಿಲ್ಲು (ಕಾಂಪೌಂಡ್ ಬೋ) ಪೂರ್ತಿ ಎಳೆದಾಗ ಭಾರದ ಬಹುಪಾಲನ್ನು ತಾನೇ ಹೊತ್ತು, ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಬಾಣ ಕಳುಹಿಸುತ್ತದೆ. ಅದನ್ನು ಹಿಡಿದು ಇಶಿಯ ಹೆಸರು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಊರಿನ ಕಾಡಿನಲ್ಲಿ ಪ್ರಯತ್ನಿಸಬಹುದೇ ಎಂದು ಕೇಳುವವರೂ ಇದ್ದಾರೆ. ಬೇಡ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬಿಲ್ಲು, ಕೋವಿ, ಉರುಳು ಎಂಬ ಭೇದವಿಲ್ಲ. ಜಿಂಕೆಯನ್ನು ಯಾವುದರಿಂದ ಹೊಡೆದರೂ ಅಪರಾಧವೇ.