ಕಬಿನಿಯ ನೀರು ಇಳಿದ ಜಾಗದಲ್ಲಿ

ಮೈಸೂರಿನಿಂದ ಕಬಿನಿಗೆ ಹೊರಟವರ ಬಾಯಲ್ಲೆಲ್ಲ ಹುಲಿ, ಕರಿಚಿರತೆಯದೇ ಮಾತು. ಏಪ್ರಿಲ್‌ನಲ್ಲಿ ಹೋದರೆ ಹಿನ್ನೀರಿನ ಹುಲ್ಲು ನೋಡಿ ಬನ್ನಿ.

1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ನೀರಿನ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,284 ಅಡಿ. ವಯನಾಡಿನ ಮುಂಗಾರು ಚೆನ್ನಾಗಿದ್ದರೆ ಜುಲೈ–ಆಗಸ್ಟ್‌ ಹೊತ್ತಿಗೆ ತುಂಬುತ್ತದೆ. ಆಮೇಲೆ ನಾಲೆಗೆ ಬಿಟ್ಟಷ್ಟೂ ನೀರು ಹಿಂದೆ ಸರಿದು, ಬೇಸಿಗೆಗೆ ಹಸಿ ಮೆಕ್ಕಲು ಮಣ್ಣು ತೆರೆದುಕೊಳ್ಳುತ್ತದೆ. ಆ ತೇವಕ್ಕೇ ಹುಲ್ಲು ಚಿಗುರುತ್ತದೆ. ಕಾಡು ಎಲೆ ಉದುರಿಸಿ ನಿಂತಿರುವಾಗ, ಹಡ್ಲುಗಳ (ಕಾಡಿನ ನಡುವಿನ ಜೌಗು ಹುಲ್ಲುಗಾವಲುಗಳ) ಹುಲ್ಲು ಬಲಿತು ಒರಟಾಗಿರುವಾಗ ಎಳೆ ಮೇವು ಸಿಗುವುದು ಇಲ್ಲೇ. ನಾಗರಹೊಳೆ, ಬಂಡೀಪುರ, ವಯನಾಡು, ಮೂರೂ ಕಡೆಯ ಆನೆಗಳು ಇಳಿದು ಬರುತ್ತವೆ. ಜಿಂಕೆ, ಕಾಟಿಗಳೂ ಸೇರುತ್ತವೆ.

ಹುಲ್ಲು ಗೇಣುದ್ದವೂ ಇರುವುದಿಲ್ಲ, ಸೊಂಡಿಲಿಗೆ ಸುತ್ತಿ ಕೀಳುವಂತಿಲ್ಲ. ಹಾಗಾಗಿ ಆನೆ ಮುಂಗಾಲಿನ ಉಗುರಿನಿಂದ ನೆಲವನ್ನು ಮೆಲ್ಲಗೆ ಒದೆಯುತ್ತದೆ, ಎರಡು ಸಲ, ಮೂರು ಸಲ. ಬೇರು ಸಡಿಲಾದ ಮೇಲೆ ಸೊಂಡಿಲಿನಿಂದ ಗುಡಿಸಿ, ಸಿಂಬಿಯಷ್ಟು ಹುಲ್ಲು ಎತ್ತಿ, ಕಾಲಿಗೆ ಪಟಪಟ ಬಡಿಯುತ್ತದೆ. ಮಣ್ಣು ಉದುರಿದ ಮೇಲೇ ಬಾಯಿಗೆ. ಮಣ್ಣು ಅಗಿದರೆ ಹಲ್ಲು ಸವೆಯುತ್ತದೆ. ಆನೆಗೆ ದವಡೆ ಹಲ್ಲು ಬರುವುದು ಆಯುಷ್ಯಕ್ಕೆ ಆರೇ ಸರದಿ. ಕೊನೆಯದು ಸವೆದರೆ ಮೇವು ನುರಿಸಲಾಗದು. ಮರಿಗಳು ಅಮ್ಮನ ಪಕ್ಕದಲ್ಲಿ ನಿಂತು ಒದೆಯುತ್ತವೆ, ಎತ್ತಿದ ನಾಲ್ಕು ಎಸಳು ಸೊಂಡಿಲಿನಿಂದ ಜಾರಿ ಬೀಳುತ್ತದೆ, ಮತ್ತೆ ಒದೆಯುತ್ತವೆ. ಎಷ್ಟು ಹೊತ್ತು ನೋಡಿದರೂ ಸಾಲದು.

ಆದರೆ ಸಫಾರಿ ಜೀಪು ನಿಲ್ಲಬೇಕಲ್ಲ! ಎಲ್ಲೋ ಹುಲಿ ಕಂಡಿತು ಎಂಬ ಸುದ್ದಿ ಬಂದರೆ ಆನೆ ಹಿಂಡನ್ನು ಬಿಟ್ಟು ಗಾಡಿ ಓಡುತ್ತದೆ, ಉಳಿಯುವುದು ಧೂಳು. ಹತ್ತುವ ಮೊದಲೇ "ಅಣ್ಣಾ, ಆನೆ ಕಂಡ ಕಡೆ ಇಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ನಿಲ್ಸಿ" ಎಂದು ಚಾಲಕರಿಗೆ ಹೇಳಿಡಿ, ಜೊತೆಯವರನ್ನೂ ಒಪ್ಪಿಸಿ. ಬೈನಾಕ್ಯುಲರ್ 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. ಹತ್ತು ಪಟ್ಟಿನದು ಕೈಯಲ್ಲಿ ನಡುಗುತ್ತದೆ. ಬಿಸಿಲೇರಿದರೆ ನೆಲದ ಝಳಕ್ಕೆ ಎಲ್ಲವೂ ಅಲುಗಿದಂತೆ ಕಾಣುವುದರಿಂದ ಸಂಜೆಯ ಸರದಿಯೇ ವಾಸಿ.

ದಾರಿ ತಪ್ಪಿಸಿಕೊಳ್ಳುವವರೂ ಬಹಳ. "ನಾಗರಹೊಳೆ ಸಫಾರಿ" ಎಂದಷ್ಟೇ ಓದಿ ಹುಣಸೂರಿನ ಕಡೆ ಹೊರಟರೆ ವೀರನಹೊಸಹಳ್ಳಿ ಸೇರುತ್ತೀರಿ, ಅಲ್ಲಿ ಈ ಹಿನ್ನೀರಿಲ್ಲ. ಬೇಕಾದ್ದು ದಮ್ಮನಕಟ್ಟೆಯ ಸಫಾರಿ ಕೇಂದ್ರ: ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಹೋಗಬೇಕು. ಸಫಾರಿ ನಡೆಯುತ್ತಿದೆಯೇ ಎಂದು ಹೊರಡುವ ಮುಂಚೆ ಕೇಳಿಕೊಳ್ಳಿ. ಜೂನ್ ದಾಟಿಸಬೇಡಿ, ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ನೀರು ಏರಿ ಈ ಹುಲ್ಲೆಲ್ಲ ಮುಳುಗುತ್ತದೆ, ಆನೆಗಳು ಕಾಡಿನೊಳಗೆ ಚದುರುತ್ತವೆ.