ಮುಖ ಬೇಡ, ಬೆನ್ನಿಂದ ತೆಗಿ

ಶನಿವಾರದಿಂದ ಎರಡು ಮಾತು ತಲೆಯಲ್ಲಿ ಕೂತುಬಿಟ್ಟಿವೆ. ಒಂದು ಹೆಂಡತಿ ಹೇಳಿದ್ದು, ಇನ್ನೊಂದು ಗಂಡ ಹೇಳಿದ್ದು.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ, ಸಸ್ಕಟೂನ್‌ನಿಂದ ರೋಸ್‌ಟೌನ್ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಜಲ್ಲಿ ರಸ್ತೆಗೆ ಇಳಿದರೆ ಆ ರೈತ ದಂಪತಿಯ ಹೊಲದ ಮನೆ. ಅಲ್ಲಿ ಹರಾಜಿತ್ತು. ವಯಸ್ಸಾಗಿದೆ, ಮಕ್ಕಳು ಕ್ಯಾಲ್ಗರಿಯಲ್ಲಿದ್ದಾರೆ, ಜಮೀನು ಪಕ್ಕದವರಿಗೆ ಗುತ್ತಿಗೆಗೆ ಹೋಗಿದೆ. ಉಳಿದಿದ್ದು ಯಂತ್ರಗಳು ಮಾತ್ರ. ಇಲ್ಲಿ ಮೇ ತಿಂಗಳಲ್ಲಿ ಬಿತ್ತನೆ, ಹಾಗಾಗಿ ಏಪ್ರಿಲ್ ಅಂದರೆ ಹರಾಜಿನ ಕಾಲ. ಈಗ ಬಹಳಷ್ಟು ಹರಾಜು ಆನ್‌ಲೈನ್‌ನಲ್ಲೇ ಮುಗಿದುಹೋಗುತ್ತದೆ. ಅಂಗಳದಲ್ಲಿ ಜನ ಸೇರಿಸಿ ಕೂಗುವುದು ಕಮ್ಮಿಯಾಗಿದೆ. ಅದಕ್ಕೇ ಕ್ಯಾಮೆರಾ ಹಿಡಿದು ಹೋಗಿದ್ದೆ.

ಕೆಸರು, ಗಾಳಿ, ಮರದ ಸಾಲಿನ ಬುಡದಲ್ಲಿ ಇನ್ನೂ ಕರಗದ ಹಿಮ. ಟ್ರ್ಯಾಕ್ಟರ್, ಕೊಯ್ಲು ಮಾಡುವ ಕಂಬೈನ್, ಕಾಳು ಸಾಗಿಸುವ ಲಾರಿ, ಬಿತ್ತುವ ಏರ್ ಡ್ರಿಲ್ ಎಲ್ಲವನ್ನೂ ತೊಳೆದು ಸಾಲಾಗಿ ನಿಲ್ಲಿಸಿದ್ದರು. ಒಂದು ಟ್ರೈಲರ್ ಮೇಲೆ ಸಣ್ಣಪುಟ್ಟ ಸಾಮಾನು: ಸ್ಪ್ಯಾನರ್, ಸರಪಳಿ, ಡಬ್ಬಿ ತುಂಬ ನಟ್ಟು ಬೋಲ್ಟು. ಹರಾಜು ಕೂಗುವವನ ಪಿಕಪ್ ಒಂದೊಂದೇ ಯಂತ್ರದ ಮುಂದೆ ನಿಲ್ಲುತ್ತಾ ಹೋಗುತ್ತಿತ್ತು. ತೇರಿನ ಹಿಂದೆ ನಡೆಯುವ ಹಾಗೆ ಜನ ಅದರ ಹಿಂದೆ. ಅವನು ಹೆಂಡಂದಿರ ಬಗ್ಗೆ ಒಂದೇ ಥರದ ಜೋಕು ಹೊಡೆಯುತ್ತಿದ್ದ. ನನಗೆ ಹಿಡಿಸಲಿಲ್ಲ. ಪಕ್ಕದಲ್ಲೇ ಆ ಮನೆಯ ಹೆಂಗಸು ನಿಂತಿದ್ದರು.

ಅವರೇ ನನ್ನ ಹತ್ತಿರ ಬಂದರು. ‘ಡ್ರಿಲ್ ಕೂಗುವಾಗ ಇವರ ಮುಖ ಬೇಡ. ಬೆನ್ನಿಂದ ತೆಗಿ’ ಅಂದರು. ನಾನು ಆಯ್ತು ಅಂದೆ. ಅವರು ಅಷ್ಟಕ್ಕೇ ಬಿಡಲಿಲ್ಲ. 80ರ ದಶಕದಲ್ಲಿ ಇದೇ ರಸ್ತೆಯ ಇನ್ನೊಂದು ಮನೆಯಲ್ಲಿ ಬ್ಯಾಂಕಿನವರು ಹರಾಜು ಮಾಡಿಸಿದ್ದರಂತೆ. ಜನ ಯಂತ್ರ ನೋಡಲಿಲ್ಲ, ಆ ಮನುಷ್ಯನ ಮುಖವನ್ನೇ ನೋಡುತ್ತಿದ್ದರಂತೆ. ಯಾರೋ ಫೋಟೋ ಕೂಡ ತೆಗೆದರಂತೆ. ಆ ಮುಖ ಇವರಿಗೆ ಇವತ್ತಿಗೂ ನೆನಪಿದೆ.

1981ರಲ್ಲಿ ಕೆನಡಾದ ಬ್ಯಾಂಕುಗಳ ಬಡ್ಡಿ ಶೇ 20 ದಾಟಿತ್ತು. ಜಮೀನಿಗೆ, ಟ್ರ್ಯಾಕ್ಟರಿಗೆ ಸಾಲ ಮಾಡಿದ್ದವರು ಆ ದಶಕದಲ್ಲಿ ಎಷ್ಟೋ ಜನ ಮುಳುಗಿದರು. ಹರಾಜು ಅಂದರೆ ಸೋತರು ಅಂತ ಅರ್ಥ ಬಂದಿದ್ದು ಹಾಗೆ. ಈ ದಂಪತಿಗೆ ಸಾಲ ಇಲ್ಲ. ಆದರೂ ಆ ಹೆದರಿಕೆ ಹೋಗಿಲ್ಲ.

ಸ್ವಲ್ಪ ಹೊತ್ತಿಗೆ ಯಜಮಾನರೇ ಬಂದರು. ‘ಅವಳು ನಿನಗೆ ಏನೋ ಹೇಳಿದಳಲ್ಲ? ಮುಖನೇ ತೆಗಿ. ನಾನೇನು ಕದ್ದ ಮಾಲು ಮಾರ್ತಿಲ್ಲ.’

ಈ ಎರಡು ಮಾತನ್ನು ನಾನು ಅಡುಗೆ ಮಾಡುವಾಗ, ಗಾಡಿ ಓಡಿಸುವಾಗ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ. ಮುಖ ಅವರದು, ಸರಿ. ಆದರೆ ಇಷ್ಟು ವರ್ಷ ಆ ಮುಖ ಕಾದವರು ಅವರ ಹೆಂಡತಿ ಅಲ್ವಾ? ಅವರ ಮಾತಿಗೂ ತೂಕ ಇರಬೇಕಲ್ಲ?

ಏರ್ ಡ್ರಿಲ್ ಕೂಗಿದಾಗ ಕೊಂಡವನು ಪಕ್ಕದ ಹೊಲದ ಹುಡುಗ. ಒಂದೊಂದು ಸಲ ಬೆಲೆ ಏರಿಸುವಾಗಲೂ ನೆಲ ನೋಡುತ್ತಿದ್ದ. ನನಗೆ ಅವನ ಮೇಲೆ ಗೌರವ ಬಂತು. ದೂರದಿಂದ ಬಂದ ಒಬ್ಬರು, ಬೂಟಿಗೆ ಕೆಸರು ತಾಗದ ಹಾಗೆ ನಿಂತು, ಯಾವುದು ಎಷ್ಟಕ್ಕೆ ಹೋಯಿತು ಅಂತ ಜೋರಾಗಿ ಹೇಳಿಕೊಳ್ಳುತ್ತಿದ್ದರು. ಅವರ ಮೇಲೆ ಬರಲಿಲ್ಲ. ನಾನು ಮೊದಲು ಬೆನ್ನು ತೆಗೆದೆ. ಆಮೇಲೆ ಮುಂದೆ ಹೋಗಿ ಮುಖವನ್ನೂ ತೆಗೆದೆ. ಯಜಮಾನರು ನೇರವಾಗಿ ಕ್ಯಾಮೆರಾ ನೋಡಿದರು. ಕಣ್ಣು ಒದ್ದೆ ಇರಲಿಲ್ಲ.

ಊಟಕ್ಕೆ ಕೂತಾಗ ನಾನು ಎಲ್ಲಿಯವನು ಅಂತ ಕೇಳಿದರು. ಕರ್ನಾಟಕ, ಇಂಡಿಯಾ ಅಂದೆ. ತಕ್ಷಣ ಬಟಾಣಿ ಮಾತು ಶುರುವಾಯಿತು. 2017ರ ನವೆಂಬರ್‌ನಲ್ಲಿ ಭಾರತ ಬಟಾಣಿ ಆಮದಿನ ಮೇಲೆ ಶೇ 50 ಸುಂಕ ಹಾಕಿತ್ತು. ಆ ಚಳಿಗಾಲ ಇವರ ಕಣಜದಲ್ಲಿ ಹಳದಿ ಬಟಾಣಿ ಹಾಗೇ ಉಳಿದಿತ್ತಂತೆ. ಮುಂದಿನ ವರ್ಷ ಜಾಸ್ತಿ ಗೋಧಿ ಹಾಕಿದರಂತೆ. ದೆಹಲಿಯಲ್ಲಿ ಒಂದು ಆದೇಶ ಹೊರಟರೆ ಈ ಜಲ್ಲಿ ರಸ್ತೆಯ ಕೊನೆಯಲ್ಲಿ ಬಿತ್ತನೆ ಬದಲಾಗುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ ಬಟಾಣಿ ಕೊಳ್ಳುವವರಿಗೆ ಇಂಥ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಿರುವುದಿಲ್ಲ. ಇವರಿಗೆ ಮಾತ್ರ ನಮ್ಮ ಮಳೆ ಹೇಗಾಯಿತು ಅನ್ನುವುದೂ ಗೊತ್ತು.

ನನಗೆ ಸಿಟ್ಟು ಬರುವ ವಿಷಯ ಒಂದಿದೆ. ಪ್ರೇರಿ, ಅಂದರೆ ಈ ಬಯಲು ಸೀಮೆಯ ಫೋಟೋ ಅಂತ ಕೇಳುವವರಿಗೆ ಬೇಕಾದ್ದು ಪಾಳು ಮನೆ, ತುಕ್ಕು ಹಿಡಿದ ಲಾರಿ, ಕಾಳು ತುಂಬಿಡುತ್ತಿದ್ದ, ಈಗ ಬೀಳುತ್ತಿರುವ ಮರದ ಎಲಿವೇಟರ್ ಕಟ್ಟಡ. ಯಾರೂ ಇಲ್ಲದ ಜಾಗ ಅಂತ ಕೆಳಗೆ ಬರೆಯುತ್ತಾರೆ. ಇಲ್ಲಿ ಯಾರೂ ಇಲ್ಲದ ಜಾಗವೇ ಇಲ್ಲ. ಕ್ವಾರ್ಟರ್ ಅಂತ ಕರೆಯುವ 160 ಎಕರೆಯ ಒಂದೊಂದು ತುಂಡಿಗೂ ಹೆಸರಿದೆ. ಯಾವಾಗಲೋ ಬಿಟ್ಟುಹೋದ ಸಂಸಾರದ ಹೆಸರಿನಲ್ಲೇ ಆ ಹೊಲವನ್ನು ಇವತ್ತಿಗೂ ಕರೆಯುತ್ತಾರೆ. ಅವರಿಗಿಂತ ಮೊದಲು ಅದು ಕ್ರೀ ಮತ್ತು ಇತರ ಮೂಲನಿವಾಸಿಗಳ ನೆಲ. ಅದಕ್ಕೂ ಹೆಸರುಗಳಿದ್ದವು. ಎದುರಿಗೆ ಬಂದ ಗಾಡಿಯವರು ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಮಾಡದೆ ಹೋಗುವುದಿಲ್ಲ. ಯಾರು ಅಂತ ಗೊತ್ತಿಲ್ಲದಿದ್ದರೂ ಎತ್ತುತ್ತಾರೆ.

ಜನ ಕಮ್ಮಿಯಾಗಿದ್ದು ನಿಜ. 1936ರಲ್ಲಿ ಸಸ್ಕಾಚೆವಾನ್‌ನಲ್ಲಿ 1 ಲಕ್ಷ 42 ಸಾವಿರಕ್ಕೂ ಹೆಚ್ಚು ಫಾರ್ಮ್‌ಗಳಿದ್ದವು. 2021ರ ಗಣತಿಯಲ್ಲಿ ಉಳಿದದ್ದು ಸುಮಾರು 34 ಸಾವಿರ. ಹೊಲಗಳೇನೂ ಹೆಚ್ಚಾಗಿ ಬೀಳು ಬಿದ್ದಿಲ್ಲ, ಉಳುವವರು ಕಮ್ಮಿಯಾದರು. ಅವರು ಹೋದಂತೆ ಶಾಲೆ ಹೋಯಿತು, ಊರಿನ ಅಂಗಡಿ ಹೋಯಿತು, ಕವಲು ರೈಲು ಹಳಿ ಹೋಯಿತು. ಅದನ್ನು ಪಾಳು ಮನೆಯ ಚಿತ್ರ ಹೇಳುವುದಿಲ್ಲ. ಅಂಗಳದಲ್ಲಿ ನಿಂತು ತನ್ನ ಡ್ರಿಲ್‌ಗೆ ಬೆಲೆ ಕಟ್ಟುವುದನ್ನು ಕೇಳುತ್ತಿರುವ ಮನುಷ್ಯ ಹೇಳುತ್ತಾನೆ.

ನಿನ್ನೆ ಎರಡೂ ಚಿತ್ರ ತೋರಿಸಲು ಹೋಗಿದ್ದೆ. ಆ ತಾಯಿ ಮುಖ ಇರುವುದನ್ನೇ ತುಂಬ ಹೊತ್ತು ನೋಡಿದರು. ಬೇಡ ಅನ್ನಲಿಲ್ಲ. ‘ಡ್ರಿಲ್ ಮೇಲಿರೋ ಹರಾಜಿನ ನಂಬರ್ ಚೀಟಿ ತೆಗೆಯೋಕೆ ಆಗುತ್ತಾ?’ ಅಂತ ಕೇಳಿದರು. ‘ಇರಲಿ ಬಿಡು, ಅವತ್ತು ಇತ್ತಲ್ಲ’ ಅಂದರು ಗಂಡ. ಇಬ್ಬರೂ ವಾದಕ್ಕೆ ಬಿದ್ದರು. ಇದ್ದದ್ದನ್ನು ಅಳಿಸಿ ಕೊಡುವುದು ನನ್ನಿಂದಾಗದು ಅಂತ ಹೇಳಿದೆ. ಆದರೆ ಎಡಗಡೆ ಸ್ವಲ್ಪ ಕತ್ತರಿಸಿದರೆ ಚೀಟಿ ಚೌಕಟ್ಟಿನ ಹೊರಗೆ ಹೋಗುತ್ತದೆ. ಪೂರ್ತಿ ಇರುವುದೊಂದು, ಕತ್ತರಿಸಿದ್ದೊಂದು, ಎರಡು ಪ್ರಿಂಟ್ ಹಾಕಿಸುತ್ತಿದ್ದೇನೆ. ಗೋಡೆಗೆ ಯಾವುದು ಅಂತ ಅವರೇ ಜಗಳ ಆಡಿಕೊಳ್ಳಲಿ.